ಚೀಟಿ ನಂಬರ್ ನಾನೂರ ಹನ್ನೆರಡು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನನ್ನ ತಮ್ಮ ಹೇಳುತ್ತಾನೆ, ಅದೂ ಬಂದವರ ಹೋದವರ ಮುಂದೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಾನೆ. ಆದರೆ ಆ ದಿನ ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಎದುರಿಗೆ ಮಿಕ್ಸಿಯ ಹೆಂಗಸು, ಪಕ್ಕದಲ್ಲಿ ಈ ಎರಡು ಪಿಶಾಚಿಗಳು. ಮನುಷ್ಯರಿಗೆ ಇರುವುದೇ ಎರಡು ಕಿವಿ.

ನಮ್ಮದು ರಿಪೇರಿ ಅಂಗಡಿ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಕೆಟ್ಟದ್ದೇನಿದ್ದರೂ ನಮ್ಮ ಬಾಗಿಲಿಗೆ ಬರುತ್ತದೆ. ಒಳಗೆ ಕೂತು ಬಿಚ್ಚುವವನು ನನ್ನ ತಮ್ಮ, ಮುಂದೆ ಕೂತು ಚೀಟಿ ಬರೆಯುವವಳು ನಾನು. ಬಂದ ಪ್ರತಿ ವಸ್ತುವಿಗೂ ಒಂದು ರಟ್ಟಿನ ಚೀಟಿ. ಅದರಲ್ಲಿ ನಂಬರು, ತಾರೀಖು, ವಸ್ತು, ದೂರು, ಮಾಲೀಕರ ಹೆಸರು. ಮೇಲಿನರ್ಧವನ್ನು ದಾರದಿಂದ ವಸ್ತುವಿಗೆ ಕಟ್ಟುತ್ತೇನೆ, ಕೆಳಗಿನರ್ಧವನ್ನು ಹರಿದು ಗಿರಾಕಿಯ ಕೈಗೆ ಕೊಡುತ್ತೇನೆ. ಆ ಅರ್ಧ ಚೀಟಿ ಯಾರ ಕೈಯಲ್ಲಿದೆಯೋ ವಸ್ತು ಅವರದು. ಚೀಟಿ ಇಲ್ಲದೆ ಬಂದು ಹಲ್ಲು ಗಿಂಜಿದರೆ ನಾನು ಜಗ್ಗುವವಳಲ್ಲ. ಗೋಡೆಯ ಮೇಲೆ ನನ್ನದೇ ಅಕ್ಷರದಲ್ಲಿ ಒಂದು ಬೋರ್ಡೂ ಇದೆ: 'ತೊಂಬತ್ತು ದಿನದೊಳಗೆ ಒಯ್ಯದ ವಸ್ತು ಅಂಗಡಿಯದು.'

ಹಾಗೆ ಅಂಗಡಿಯದಾದ ವಸ್ತುಗಳಿಂದಲೇ ನಮ್ಮ ಮನೆ ತುಂಬಿರುವುದು. ಎಡಕ್ಕೆ ಮಾತ್ರ ತಿರುಗುವ ಟೇಬಲ್ ಫ್ಯಾನು, ಹನ್ನೆರಡು ಗಂಟೆಗೆ ಹದಿಮೂರು ಬಾರಿ ಹೊಡೆಯುವ ಗಡಿಯಾರ, ಮೂಲೆಯಲ್ಲಿ ಕೂತು ಗೊರಕೆ ಹೊಡೆಯುವ ಫ್ರಿಜ್ಜು. ಮನೆ ಅಂಗಡಿಯ ಹಿಂದೆಯೇ, ಬೇರೆ ಬಾಗಿಲಿಲ್ಲ. ಒಳಗೆ ಬರುವುದೆಲ್ಲ ನನ್ನ ಮೇಜು ದಾಟಿಯೇ ಬರಬೇಕು. 'ಇದು ಎಲ್ಲಿಂದ ಬಂತು?' ಎಂದು ಮಕ್ಕಳು ಯಾವುದನ್ನು ತೋರಿಸಿ ಕೇಳಿದರೂ ನಮ್ಮ ಉತ್ತರ ಒಂದೇ: ಯಾರೋ ಬಿಟ್ಟುಹೋದರು, ತೊಂಬತ್ತು ದಿನ ಆಯಿತು, ನಮ್ಮದಾಯಿತು.

ಮಕ್ಕಳೆಂದರೆ ನನ್ನ ತಮ್ಮನ ಮಕ್ಕಳು. ದೊಡ್ಡವಳಿಗೆ ಆರು ವರ್ಷ. ಹಲ್ಲುಜ್ಜು ಅಂದರೂ 'ಯಾಕೆ, ಯಾವಾಗ, ಯಾರು ಹೇಳಿದ್ದು' ಎಂದು ಸವಾಲು ಹಾಕುತ್ತಾಳೆ, ಅದಕ್ಕೇ ವಕೀಲಮ್ಮ. ಚಿಕ್ಕವನಿಗೆ ನಾಲ್ಕು. ಅಕ್ಕ ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಾನೆ, ಅದಕ್ಕೇ ಬಾಲ. ಇವರ ಅಮ್ಮ ಬಸ್ ಕಂಡಕ್ಟರ್. ಅವಳು ಅಡುಗೆಮನೆಯಿಂದ ಕೂಗಿದರೆ ಬೀದಿಯಲ್ಲಿ ನಿಂತವರು ಒಂದು ಹೆಜ್ಜೆ ಮುಂದಕ್ಕೆ ಸರಿಯುತ್ತಾರೆ. ನಾನು ಸೋದರತ್ತೆ. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಒಂದು ಟ್ರಂಕು ಹಿಡಿದು ಬಂದವಳು, ಹನ್ನೊಂದು ವರ್ಷವಾಯಿತು. ಟ್ರಂಕು ಮಂಚದ ಕೆಳಗಿದೆ. ಬಟ್ಟೆ ಅದರಿಂದಲೇ ತೆಗೆಯುತ್ತೇನೆ, ಒಗೆದು ಮಡಚಿ ಅದರೊಳಗೇ ಇಡುತ್ತೇನೆ. ಕೋಪ ಮೂಗಿನ ತುದಿಯಲ್ಲಿದೆ ಎನ್ನುತ್ತಾರೆ. ಇದ್ದರೆ ಇರಲಿ, ನನ್ನ ಮೂಗು ತಾನೆ.

ಇನ್ನು ಆ ದಿನದ ಕಥೆ. ಮಿಕ್ಸಿಯ ಹೆಂಗಸು ಬಂದು, ರಿಪೇರಿಯಾದ ಮೇಲೆ ಸದ್ದು ಜಾಸ್ತಿಯಾಗಿದೆ ಎಂದು ತಗಾದೆ ತೆಗೆದಿದ್ದಳು. ತಂದಾಗ ಅದು ಸತ್ತೇ ಹೋಗಿತ್ತಮ್ಮಾ, ಸತ್ತದ್ದು ಎಲ್ಲಿಂದ ಸದ್ದು ಮಾಡುತ್ತೆ ಎಂದು ನಾನೂ ಗಂಟಲೇರಿಸಿದ್ದೆ. ಅದೇ ಹೊತ್ತಿಗೆ ತಮ್ಮನ ಹೆಂಡತಿ ಆಸ್ಪತ್ರೆಯಿಂದ ಬಂದು, ಹೊಸ ಕೂಸನ್ನು ಹೊತ್ತು ನನ್ನ ಮೇಜು ದಾಟಿ ಒಳಗೆ ಹೋದಳು. ಐದು ನಿಮಿಷಕ್ಕೆ ವಕೀಲಮ್ಮ ಹೊರಗೆ ಬಂದಳು, ಹಿಂದೆ ಬಾಲ.

"ಅತ್ತೆ, ಪಾಪು ಕಾಲಿಗೆ ಆಸ್ಪತ್ರೆ ಚೀಟಿ ಇದೆ. ನಂಬರೂ ಇದೆ, ತಾರೀಖೂ ಇದೆ."

"ಇರಲಿ ಬಿಡೇ."

"ಪಾಪು ಬಂದ್ರೆ ನಮ್ಮ ಜೊತೆ ಆಟ ಆಡುತ್ತೆ ಅಂತ ನೀನೇ ಹೇಳಿದ್ದಲ್ವಾ?"

"ಹೇಳಿದ್ದೆ."

"ಇದು ಆಡಲ್ಲ. ಮಾತಾಡಲ್ಲ. ಕಣ್ಣೂ ಸರಿಯಾಗಿ ಬಿಡಲ್ಲ. ಬರೀ ಅಳುತ್ತೆ. ಹಾಗಾದ್ರೆ ಇದು ನಮ್ಮ ಪಾಪು ಅಲ್ಲ. ಯಾರದೋ ಕೆಟ್ಟುಹೋಗಿರೋದು, ರಿಪೇರಿಗೆ ಬಂದಿದೆ. ನೀನು ಚೀಟಿ ಬರೀಲೇ ಇಲ್ಲ."

"ಚೀಟಿ ಇಲ್ಲ," ಎಂದ ಬಾಲ, ಗಂಭೀರವಾಗಿ.

ಮಿಕ್ಸಿಯ ಹೆಂಗಸು ಅತ್ತ ಏನೋ ಒದರುತ್ತಿದ್ದಳು. ಈ ಶನಿಗಳು ತೊಲಗಿದರೆ ಸಾಕೆಂದು ಚೀಟಿ ಪುಸ್ತಕ ಎಳೆದು ಗೀಚಿದೆ. ನಂಬರು: ನಾನೂರ ಹನ್ನೆರಡು. ವಸ್ತು: ಮಗು, ಒಂದು. ದೂರು: ಅಳು.

"ಮಾಲೀಕರ ಹೆಸರು?" ಎಂದಳು ವಕೀಲಮ್ಮ.

"ಬಂದಾಗ ಬರ್ಕೋತೀನಿ, ಹೋಗೇ ಮಾರಾಯ್ತಿ!"

ಅಭ್ಯಾಸಬಲ ನೋಡಿ, ಚರ್ರನೆ ಎರಡು ಮಾಡಿ ಎದುರಿಗೆ ಚಾಚಿದ್ದ ಕೈಗೆ ಎರಡನ್ನೂ ತುರುಕಿ ಮತ್ತೆ ಮಿಕ್ಸಿಯ ಕಡೆ ತಿರುಗಿದೆ. ಅಲ್ಲಿಗೆ ಮರೆತೂಬಿಟ್ಟೆ.

ಚೀಟಿಯನ್ನು ಅವರು ತೊಟ್ಟಿಲಿಗೆ ಕಟ್ಟಿದರು. ಅಪ್ಪ ಅಮ್ಮ ಇಬ್ಬರೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರೇ ಹೊರತು ಬಿಚ್ಚಲಿಲ್ಲ. ಮಗುವಿಗೆ ಯಾವ ಹೆಸರಿಡಬೇಕೆಂದು ಗಂಡ ಹೆಂಡತಿಗೆ ಒಮ್ಮತವೇ ಆಗಲಿಲ್ಲ, ಮೂರನೇ ವಾರದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದು ನಾನೂರ ಹನ್ನೆರಡು. 'ನಾನೂರ ಹನ್ನೆರಡಕ್ಕೆ ಹಾಲಾಯ್ತಾ?' 'ನಾನೂರ ಹನ್ನೆರಡು ಮತ್ತೆ ಒದ್ದೆ ಮಾಡಿದೆ, ಯಾರಾದರೂ ನೋಡಿ.' ನಾವು ತಮಾಷೆಗೆ ಹೇಳುತ್ತಿದ್ದೆವು. ಅವರಿಬ್ಬರು ತಮಾಷೆಗೆ ಕೇಳುತ್ತಿರಲಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ಮೊದಲ ತಿಂಗಳು ಇಬ್ಬರಿಗೂ ಒಂದೇ ಆಸೆ, ಮಾಲೀಕರು ಬೇಗ ಬಂದು ಇದನ್ನು ಒಯ್ಯಲಿ. ಬಾಲ ಅಂಗಡಿಯ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ವಿಚಾರಿಸುತ್ತಿದ್ದ. "ಪಾಪು ನಿಮ್ದಾ?" ಎಲ್ಲರೂ ನಕ್ಕು ಅವನ ಕೆನ್ನೆ ಹಿಂಡಿ ಹೋಗುತ್ತಿದ್ದರು. ಅಂಚೆಯವನೊಬ್ಬ ಮಾತ್ರ, ತಲೆಹರಟೆ, "ಹೂಂ ಕಣಪ್ಪಾ, ನಂದೇ. ಇನ್ನೊಂದಿನ ಬಂದು ತಗೊಂಡು ಹೋಗ್ತೀನಿ" ಎಂದುಬಿಟ್ಟ.

"ಇವತ್ತೇ ತಗೊಂಡು ಹೋಗಿ," ಎಂದು ಬಾಲ ಅವನ ಸೈಕಲ್ಲು ಹಿಡಿದುಕೊಂಡ. "ಚಾದರಾನೂ ಕೊಡ್ತೀವಿ."

ರಿಪೇರಿಯ ಪ್ರಯತ್ನವೂ ನಡೆದಿತ್ತು. ವಕೀಲಮ್ಮ ಅಪ್ಪನ ಹಾಗೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಮಗುವಿನ ಹೊಟ್ಟೆಗೆ ಕಿವಿಯಿಟ್ಟು ಕೇಳಿ, "ಒಳಗೆ ಗಾಳಿ ಸೇರ್ಕೊಂಡಿದೆ" ಎನ್ನುತ್ತಿದ್ದಳು. ಅದೊಂದು ಮಾತು ನಿಜವೇ ಆಗಿತ್ತು. ಚೀಟಿಯ ಬೆನ್ನ ಮೇಲೆ ಅವಳು ಬರೆದಿದ್ದನ್ನು ನಾನು ಆಮೇಲೆ ಓದಿದೆ: 'ಕಾಲು ಎರಡು, ಓಡುತ್ತವೆ. ಕೈ ಎರಡು, ಹಿಡಿಯುತ್ತವೆ, ಬಿಡುವುದಿಲ್ಲ. ಧ್ವನಿ ಜೋರು, ಕಡಿಮೆ ಮಾಡುವ ಗುಂಡಿ ಸಿಗಲಿಲ್ಲ. ಹಲ್ಲು ಇಲ್ಲ, ತರಿಸಬೇಕು.'

ಬಾಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಪ್ಪನನ್ನೇ ಕೇಳಿದ್ದ. "ಅಪ್ಪಾ, ಪಾಪುಗೆ ಹಲ್ಲು ಯಾವಾಗ ಬರುತ್ತೆ?"

"ಆರು ತಿಂಗಳಾಗುತ್ತೆ ಕಣೋ."

"ಅಷ್ಟು ಲೇಟಾ? ಬೇರೆ ಅಂಗಡೀಲಿ ಕೇಳು."

ಎಲ್ಲ ತಿರುವುಮುರುವಾದದ್ದು ಒಂದು ಸೀನಿನಿಂದ. ನೆಗಡಿಯಾಗಿದ್ದ ಬಾಲ ತೊಟ್ಟಿಲ ಅಂಚು ಹಿಡಿದು ನಿಂತಿದ್ದವನು ಇದ್ದಕ್ಕಿದ್ದಂತೆ ಮನೆ ಅದುರುವಂತೆ ಸೀನಿದ. ಮಗು ಬೆಚ್ಚಿಬಿದ್ದು ಅಳುತ್ತದೆ ಎಂದುಕೊಂಡೆ. ಅಳಲಿಲ್ಲ. ಅವನನ್ನು ದಿಟ್ಟಿಸಿ ನೋಡಿತು, ಬಾಯಿ ಅಗಲ ಮಾಡಿತು, ಬೊಚ್ಚುಬಾಯಿ ತುಂಬ ನಕ್ಕುಬಿಟ್ಟಿತು. ಬಾಲ ಮೂಗು ಒರೆಸುವುದನ್ನೂ ಮರೆತು ನಿಂತ. ಆಮೇಲೆ ಸುಳ್ಳುಸುಳ್ಳೇ ಇನ್ನೊಂದು ಸೀನು ಸೀನಿದ. ಮತ್ತೆ ನಕ್ಕಿತು. ಆ ದಿನವೆಲ್ಲ ನಮ್ಮ ಮನೆಯಲ್ಲಿ ಸೀನೋ ಸೀನು. ಸಂಜೆ ವಕೀಲಮ್ಮನೂ ಸೀನಿ ನೋಡಿದಳು, ಅವಳಿಗೂ ನಕ್ಕಿತು. ಅವಳು ತೊಟ್ಟಿಲೊಳಗೆ ಬೆರಳು ಇಟ್ಟಳು, ಮಗು ಹಿಡಿದುಕೊಂಡಿತು. ಚೀಟಿಯಲ್ಲೇ ಬರೆದಿದ್ದಳಲ್ಲ, ಹಿಡಿಯುತ್ತವೆ, ಬಿಡುವುದಿಲ್ಲ ಎಂದು.

ಅಲ್ಲಿಂದ ಇಬ್ಬರ ವರಸೆಯೇ ಬದಲಾಯಿತು. ನನ್ನ ಬೆನ್ನ ಹಿಂದೆ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಪೆನ್ಸಿಲ್ ಗೀಟು ಬೀಳತೊಡಗಿತು. ಒಂದು ದಿನ ವಕೀಲಮ್ಮ ಬೋರ್ಡಿನ ಕೆಳಗೆ ನಿಂತು ಕೇಳಿದಳು:

"ಅತ್ತೆ, ತೊಂಬತ್ತು ದಿನ ಆದ್ರೆ ಗ್ಯಾರಂಟಿ ನಮ್ದಾ?"

"ಗ್ಯಾರಂಟಿ."

"ತೊಂಬತ್ತನೇ ದಿನ ಬಂದು ಕೇಳಿದ್ರೆ?"

"ಸಂಜೆ ಬಾಗಿಲು ಹಾಕೋದ್ರೊಳಗೆ ಬಂದ್ರೆ ಕೊಡಲೇಬೇಕು. ಹಾಕಿದ ಮೇಲೆ ಯಾರಪ್ಪನಿಗೂ ಕೊಡಲ್ಲ."

ಯಾವುದೋ ಗಡಿಯಾರದ ಮೇಲೆ ಕಣ್ಣಿಟ್ಟಿದ್ದಾಳೆ ಎಂದುಕೊಂಡೆ ನಾನು, ದಡ್ಡಿ.

ಬಾಲ ಈಗ ಯಾರೂ ಕೇಳದಿದ್ದರೂ "ಇಲ್ಲಿ ಪಾಪು ಇಲ್ಲ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅಂಚೆಯವನ ಗಂಟೆ ಕೇಳಿದರೆ ಸಾಕು, ಓಡಿಹೋಗಿ ತೊಟ್ಟಿಲಿಗೆ ಚಾದರ ಹೊದಿಸುತ್ತಿದ್ದ. ಮಗು ಅತ್ತರೆ ಇಬ್ಬರಿಗೂ ಖುಷಿಯೋ ಖುಷಿ. "ಇನ್ನೂ ರಿಪೇರಿ ಆಗಿಲ್ಲ!" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ರಿಪೇರಿಯಾದರೆ ತಾನೆ ಮಾಲೀಕರು ಒಯ್ಯುವುದು! ಅಂಗಡಿಯಲ್ಲಿ ಜನ ಸೇರಿದಾಗ ಬಾಲ ಒಳಗೆ ಹೋಗಿ, "ಅಳು ಪುಟ್ಟಾ, ಸ್ವಲ್ಪ ಅಳು, ಆಮೇಲೆ ಸೀನ್ತೀನಿ" ಎಂದು ಮಗುವನ್ನು ಪುಸಲಾಯಿಸುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಕೇಳಿ ನಕ್ಕೆ, ಅಷ್ಟೆ. ಇದೆಲ್ಲ ಮಕ್ಕಳ ಹುಚ್ಚು ಎಂದುಕೊಂಡೆ.

ಹೀಗೆ ತೊಂಬತ್ತನೇ ದಿನ ಬಂತು. ಮಧ್ಯಾಹ್ನ ಮೂರೂವರೆ ಇರಬೇಕು. ತಮ್ಮನ ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಗಹಾಕುತ್ತಿದ್ದಳು, ಮಗು ಒಳಗೆ ಮಲಗಿತ್ತು. ನರ್ಸಮ್ಮ ಒಬ್ಬರು ಹೆಗಲಿಗೆ ದೊಡ್ಡ ಚೀಲ, ಕೈಯಲ್ಲಿ ರಿಜಿಸ್ಟರು ಹಿಡಿದು ಬಂದರು. ಬಾಗಿಲಲ್ಲಿ ನಿಂತಿದ್ದ ಬಾಲನನ್ನೇ ಕೇಳಿದರು.

"ಆಸ್ಪತ್ರೆಯಿಂದ ಬಂದಿದ್ದೀನಪ್ಪಾ. ಪಾಪು ಎಲ್ಲಿ?"

ಬಾಲನ ಮುಖ ಸುಣ್ಣವಾಯಿತು. "ಇಲ್ಲಿ ಪಾಪು ಇಲ್ಲ. ಬರೀ ಫ್ಯಾನ್ ಇದೆ," ಎಂದವನೇ ಒಳಗೆ ಓಟ ಕಿತ್ತ.

ನಾವೆಲ್ಲ ನಕ್ಕೆವು. ಲಸಿಕೆ ಹಾಕಲು ಬಂದ ನರ್ಸಮ್ಮನಿಗೆ ಕುರ್ಚಿ ಹಾಕಿ ಚಹಾ ಕೊಟ್ಟೆ. ನನ್ನ ತಮ್ಮ ಹೆಂಡತಿಯನ್ನು ಕರೆದ. ಅವಳು ಕೈ ಒರೆಸಿಕೊಳ್ಳುತ್ತ ಕೋಣೆಗೆ ಹೋದಳು. ಮರುಕ್ಷಣ ಒಂದು ಕೂಗು ಬಂತು. ಅವಳು ಕೂಗುವುದನ್ನು ದಿನಾ ಕೇಳುವವಳು ನಾನು, ಆದರೆ ಇಂಥ ಕೂಗು ಕೇಳಿರಲಿಲ್ಲ. ತೊಟ್ಟಿಲು ಬರಿದಾಗಿತ್ತು.

ಎಲ್ಲರೂ ಹುಡುಕಿದೆವು. ಮಂಚದ ಕೆಳಗೆ, ಬಚ್ಚಲಲ್ಲಿ, ಬಾಗಿಲ ಸಂದಿಯಲ್ಲಿ, ಎಲ್ಲಿಯೂ ಇಲ್ಲ. ತಮ್ಮ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಓಡಿ, ಅಷ್ಟೇ ವೇಗದಲ್ಲಿ ವಾಪಸ್ಸು ಓಡಿ ಬಂದ. ತಮ್ಮನ ಹೆಂಡತಿ ಒಂದೇ ಮಾತು ಹೇಳುತ್ತಿದ್ದಳು, ಈಗ ತಾನೆ ಮಲಗಿಸಿದ್ದೆ, ಈಗ ತಾನೆ ಮಲಗಿಸಿದ್ದೆ ಎಂದು.

ಆಗ ಕಂಡಿತು, ಹಿಂದಿನ ಗೋದಾಮಿನ ಬಾಗಿಲಿಗೆ ಬೆನ್ನು ಒತ್ತಿ, ಎರಡೂ ಕೈ ಅಗಲಿಸಿ ಬಾಲ ನಿಂತಿದ್ದ.

"ಪಾಪು ಎಲ್ಲೋ?" ಎಂದ ತಮ್ಮ.

"ನಂಗೊತ್ತಿಲ್ಲ. ಅಕ್ಕ ಹೇಳಬೇಡ ಅಂದಿದ್ದಾಳೆ."

"ಅಕ್ಕ ಎಲ್ಲಿ?"

"ಅದನ್ನೂ ಹೇಳಬೇಡ ಅಂದಿದ್ದಾಳೆ." ಅವನು ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡ. "ಪಾಪು ಅಳ್ತಾ ಇಲ್ಲ ಅಪ್ಪಾ. ಅಕ್ಕನ ಬೆರಳು ಚೀಪ್ತಾ ಇದೆ. ತೊಳೆದ ಬೆರಳೇ."

ಗೋದಾಮಿನಲ್ಲಿ, ಯಾರೂ ಒಯ್ಯದ ವಸ್ತುಗಳನ್ನಿಡುವ ಕಪಾಟಿನ ಪಕ್ಕ, ಫ್ರಿಜ್ಜಿನ ದೊಡ್ಡ ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿತ್ತು. ಅದರೊಳಗೆ ಮನೆಯಲ್ಲಿದ್ದ ದಿಂಬೆಲ್ಲ ಹಾಸಿ, ವಕೀಲಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಗು ಆರಾಮವಾಗಿ ಬೆರಳು ಚೀಪುತ್ತಿತ್ತು. ಅಳುತ್ತಿದ್ದವಳು ವಕೀಲಮ್ಮ. ಸದ್ದಿಲ್ಲದೆ, ಕೆನ್ನೆ ಎಲ್ಲ ಒದ್ದೆಯಾಗುವಂತೆ ಅಳುತ್ತಿದ್ದಳು.

"ಕೊಡಬೇಡಿ," ಎಂದಳು. "ಇವತ್ತು ತೊಂಬತ್ತನೇ ದಿನ. ಬಾಗಿಲು ಹಾಕೋಕೆ ಇನ್ನು ನಾಲ್ಕೇ ಗಂಟೆ ಇದೆ. ಅಷ್ಟೊತ್ತು ಸಿಗದೇ ಇದ್ರೆ ಸಾಕು, ನಮ್ದಾಗುತ್ತೆ. ಅತ್ತೇನೇ ಗ್ಯಾರಂಟಿ ಅಂದಿದ್ದಾಳೆ."

"ಆ ಚೀಲ ದೊಡ್ಡದಿದೆ," ಎಂದ ಬಾಲ ಹಿಂದಿನಿಂದ. "ಪಾಪು ಹಿಡಿಸುತ್ತೆ."

ನನಗೆ ಒಂದೊಂದೇ ನೆನಪಾಯಿತು. ಮಿಕ್ಸಿ, ಚೀಟಿ, ಬಂದಾಗ ಬರ್ಕೋತೀನಿ ಎಂದದ್ದು, ಕ್ಯಾಲೆಂಡರಿನ ಗೀಟುಗಳು. ಎರಡು ತಿಂಗಳಿಂದ ಈ ಎರಡು ಜೀವಗಳು ದಿನಾ ಬೆಳಿಗ್ಗೆ ಎದ್ದು, ಇವತ್ತು ಒಯ್ಯುತ್ತಾರೇನೋ, ಇವತ್ತು ಒಯ್ಯುತ್ತಾರೇನೋ ಎಂದು ಹೆದರಿಕೊಂಡೇ ಬದುಕಿವೆ. ನಾನು ನಗುತ್ತ ಕೂತಿದ್ದೆ. ನನ್ನ ಕೆನ್ನೆಗೆ ನಾನೇ ಎರಡು ಬಿಟ್ಟುಕೊಳ್ಳೋಣ ಅನ್ನಿಸಿತು.

ತಮ್ಮನ ಹೆಂಡತಿ ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿ ನೆಲದ ಮೇಲೆ ಕುಸಿದು ಕೂತಳು. "ಅಯ್ಯೋ ನನ್ನ ಬಂಗಾರ, ಇದು ನಮ್ದೇ ಕಣೇ. ನಾನೇ ಹೆತ್ತಿದ್ದು."

ವಕೀಲಮ್ಮ ಮೂಗೆಳೆದುಕೊಂಡು ಅಮ್ಮನನ್ನು ನೋಡಿದಳು. ಅಳುವಾಗಲೂ ಪಾಯಿಂಟು ಬಿಡುವವಳಲ್ಲ. "ಚೀಟೀಲಿ ನಿನ್ನ ಹೆಸರಿಲ್ಲ. ಮಾಲೀಕರು ಅನ್ನೋ ಜಾಗ ಖಾಲಿ ಇದೆ. ಅತ್ತೇನ ಕೇಳು."

ಎಲ್ಲರೂ ನನ್ನನ್ನು ನೋಡಿದರು. ನಾನು ಪೆಟ್ಟಿಗೆಯ ಬಾಯಲ್ಲಿ ಕೂತೆ. ಮಂಡಿ ಲಟಕ್ಕೆಂದಿತು.

"ಅಂಗಡಿ ರೂಲ್ಸು ಏನೇ? ವಸ್ತು ಯಾರದು?"

"ಅರ್ಧ ಚೀಟಿ ಯಾರ ಹತ್ರ ಇದೆಯೋ ಅವರದು."

"ನಾನೂರ ಹನ್ನೆರಡರ ಅರ್ಧ ಚೀಟಿ ಯಾರ ಹತ್ರ ಇದೆ?"

ಅವಳು ಗಾಬರಿಯಾದಳು. ಕಳ್ಳತನ ಸಿಕ್ಕಿಬಿದ್ದ ಮುಖ ಮಾಡಿ ಫ್ರಾಕಿನ ಜೇಬಿಗೆ ಕೈ ಹಾಕಿದಳು. ಮಡಚಿ ಮಡಚಿ ಬಟ್ಟೆಯಂತೆ ಮೆತ್ತಗಾಗಿದ್ದ ರಟ್ಟು. "ಅವರಿಗೆ ಕೊಡಬೇಕಿತ್ತು, ನಾನು ಬಚ್ಚಿಟ್ಕೊಂಡೆ," ಎಂದಳು. "ಚೀಟಿ ಇಲ್ದೆ ಬಂದ್ರೆ ನೀನು ಕೊಡಲ್ಲ ಅಂತ."

"ಅಲ್ವೇ ಹುಚ್ಚಿ, ನಾನು ಅವತ್ತು ಇದನ್ನ ಯಾರ ಕೈಗೆ ಕೊಟ್ಟೆ?"

"ನನ್ನ ಕೈಗೆ."

"ನಾನು ತಪ್ಪು ಕೈಗೆ ಚೀಟಿ ಕೊಟ್ಟಿದ್ದು ಯಾವತ್ತಾದ್ರೂ ಇದೆಯಾ?"

ಅವಳು ಚೀಟಿ ನೋಡಿದಳು, ಮಗುವನ್ನು ನೋಡಿದಳು, ಮತ್ತೆ ಚೀಟಿ ನೋಡಿದಳು. "ಮೊದಲನೇ ದಿನದಿಂದಾನಾ?" ಎಂದಳು ಮೆಲ್ಲಗೆ.

"ಮೊದಲನೇ ದಿನದಿಂದ."

ಬಾಲನಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಅಕ್ಕ ನಕ್ಕಳು, ಅವನೂ ನಕ್ಕ, ನಕ್ಕು ಸೀನಿದ. ಮಗು ಬೆರಳು ಬಿಟ್ಟು ಕಿಲಕಿಲ ಅಂದಿತು. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಕಣ್ಣೊರೆಸಿಕೊಂಡು, "ನಾನೇನೂ ಒಯ್ಯಲ್ಲಮ್ಮಾ, ಒಂದು ಸೂಜಿ ಚುಚ್ಚಿ ಹೋಗ್ತೀನಿ" ಎಂದರು. ಚುಚ್ಚಿಯೂ ಚುಚ್ಚಿದರು. ಮಗು ಸೂರು ಹಾರಿಹೋಗುವಂತೆ ಅತ್ತಿತು. ಬಾಲ ನರ್ಸಮ್ಮನನ್ನು ದುರುಗುಟ್ಟಿ ನೋಡಿ, "ರಿಪೇರಿ ಆಗಿರೋದನ್ನ ಕೆಡಿಸಿದ್ರು," ಎಂದ.

ಸಂಜೆ ಮಾಲೀಕರ ಜಾಗದಲ್ಲಿ ನಾನು ಕೊನೆಗೂ ಶಾಯಿಯಲ್ಲಿ ಬರೆದೆ: ಅಕ್ಕ ಮತ್ತು ಅಣ್ಣ. ತನ್ನನ್ನು ಅಣ್ಣ ಎಂದು ಬರೆದದ್ದನ್ನು ಬಾಲ ಮೂರು ಸಲ ಓದಿಸಿದ. "ನನ್ನ ಚೀಟಿ ಎಲ್ಲಿ?" ಎಂದೂ ಕೇಳಿದ. "ನೀನು ರಿಪೇರಿಗೆ ಬಂದವನಲ್ಲ ಮಾರಾಯ, ಕೆಡಿಸೋಕೆ ಬಂದವನು," ಎಂದ ನನ್ನ ತಮ್ಮ.

ಬಾಗಿಲು ಹಾಕುವ ಹೊತ್ತಾಗಿತ್ತು. ನಾನು ಮೇಜು ಒರೆಸುತ್ತಿದ್ದೆ. ವಕೀಲಮ್ಮ ಬೋರ್ಡು ನೋಡುತ್ತ ನಿಂತಿದ್ದವಳು ಇತ್ತ ತಿರುಗಿದಳು.

"ಅತ್ತೆ, ನೀನು ನಮ್ಮನೆಗೆ ಬಂದು ಎಷ್ಟು ದಿನ ಆಯ್ತು?"

"ಹನ್ನೊಂದು ವರ್ಷ. ಯಾಕೆ?"

"ತೊಂಬತ್ತು ದಿನಕ್ಕಿಂತ ಜಾಸ್ತಿನಾ?"

"ಜಾಸ್ತಿನೇ."

"ಯಾರಾದ್ರೂ ನಿನ್ನ ಕೇಳ್ಕೊಂಡು ಬಂದಿದ್ರಾ?"

ಒಳಗೆ ತಮ್ಮನ ಕೈಯ ಕೆಲಸದ ಸದ್ದು ನಿಂತಿತು. "ಇಲ್ಲ," ಎಂದೆ. ಯಾರೂ ಬರಲಿಲ್ಲ, ಅದು ನಿಜ.

"ಹಾಗಾದ್ರೆ ನೀನು ನಮ್ಮವಳೇ. ಬೋರ್ಡಲ್ಲೇ ಇದೆ." ಅವಳು ಚೀಟಿ ಪುಸ್ತಕ ಎಳೆದುಕೊಂಡು, ನಾಲಿಗೆ ಹೊರಗೆ ಹಾಕಿ, ಒತ್ತಿ ಒತ್ತಿ ಬರೆದಳು. ವಸ್ತು: ಅತ್ತೆ, ಒಂದು. ದೂರು: ಕೋಪ. ಬಾಲ ಅದನ್ನು ನನ್ನ ಮಣಿಕಟ್ಟಿಗೆ ಕಟ್ಟಿದ. ಏಳು ಗಂಟು ಹಾಕಿದ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನು.

"ಅಕ್ಕಾ, ಅತ್ತೇನ ರಿಪೇರಿ ಮಾಡೋಣ್ವಾ?" ಎಂದ ಬಾಲ.

"ಬೇಡಪ್ಪಾ," ಎಂದಳು ವಕೀಲಮ್ಮ. "ಸರಿಹೋದ್ರೆ ಯಾರಾದ್ರೂ ತಗೊಂಡು ಹೋಗ್ತಾರೆ."

ಮರುದಿನ ಬೆಳಿಗ್ಗೆ ಮಂಚದ ಕೆಳಗಿನ ಟ್ರಂಕು ಎಳೆದು, ಬಟ್ಟೆಯನ್ನೆಲ್ಲ ತೆಗೆದು ಮನೆಯ ಕಪಾಟಿನಲ್ಲಿ ಜೋಡಿಸಿದೆ. ಖಾಲಿ ಟ್ರಂಕನ್ನು ಆಟದ ಸಾಮಾನಿಗೆಂದು ಮಕ್ಕಳಿಗೆ ಕೊಟ್ಟೆ. ಬಾಲ ಆಟದ ಸಾಮಾನು ಬಿಟ್ಟು ತಾನೇ ಅದರೊಳಗೆ ಕೂತು ಮುಚ್ಚಳ ಎಳೆದುಕೊಳ್ಳಲು ನೋಡಿದ. ಸರಿಯಾಗಿ ಬೈದೆ.